ಉಮ್ರಾಕ್ಕೆ ಹೊರಟ ಉಮ್ಮನ ಕೈಯಲ್ಲೂ ಸ್ವಂತ ನಂಬರ್ ಇರಲಿ

ಶಾಲೆಗಳಿಗೆ ರಜೆ ಸಿಕ್ಕಿತು, ರಮಝಾನ್ ಹತ್ತಿರ ಬಂತು ಎಂದರೆ ನಮ್ಮ ಊರುಗಳಲ್ಲಿ ಉಮ್ರಾ ಗ್ರೂಪ್‌ಗಳ ಓಡಾಟ ಶುರುವಾಗುತ್ತದೆ. ಪ್ಯಾಕೇಜಿನ ಪೋಸ್ಟರ್ ಮಸೀದಿಯ ಗೇಟಿನ ಹತ್ತಿರವೂ ಉಂಟು, ಮನೆಯವರ ವಾಟ್ಸಾಪಿನಲ್ಲಿಯೂ ಉಂಟು. ಹೊರಡುವ ಮೊದಲು ಒಂದು ಉಮ್ರಾ ಕ್ಲಾಸ್ ಇರುತ್ತದೆ. ಇಹ್ರಾಂ ಉಡುವುದು ಹೇಗೆ, ಮೀಖಾತ್ ಎಲ್ಲಿ, ತವಾಫ್ ಎಷ್ಟು ಸುತ್ತು, ಸಈ ಹೇಗೆ, ಕೂದಲು ತೆಗೆಯುವುದು ಯಾವಾಗ ಎಂದು ಉಸ್ತಾದರು ಹೇಳಿಕೊಡುತ್ತಾರೆ. ಕೊನೆಗೆ ಕೈಗೆ ಒಂದು ಪಟ್ಟಿ ಸಿಗುತ್ತದೆ. ಇಹ್ರಾಂ ಬಟ್ಟೆ, ಬೆಲ್ಟ್, ಚಪ್ಪಲಿ ಹಾಕುವ ಚೀಲ, ವಾಸನೆ ಇಲ್ಲದ ಸಾಬೂನು, ಬಿ.ಪಿ. ಮಾತ್ರೆ, ಉಪ್ಪಿನಕಾಯಿ ಎಲ್ಲವೂ ಅದರಲ್ಲಿ ಉಂಟು. ಫೋನಿನ ವಿಷಯ ಮಾತ್ರ ಒಂದೋ ಇರುವುದಿಲ್ಲ, ಇದ್ದರೆ "ಸಿಮ್ ಅಲ್ಲಿಯೇ ಸಿಗುತ್ತದೆ" ಎಂಬ ಒಂದು ಸಾಲು.

ಸಿಮ್ ಅಲ್ಲಿ ಸಿಗುತ್ತದೆ, ಸುಳ್ಳಲ್ಲ. ಆದರೆ ಯಾರ ಹೆಸರಿಗೆ ಸಿಗುತ್ತದೆ, ಯಾರ ಜೇಬಿನಲ್ಲಿ ಇರುತ್ತದೆ ಎಂಬುದೇ ಪ್ರಶ್ನೆ. ಗಂಡ, ಹೆಂಡತಿ, ಅತ್ತೆ, ಮಗಳು ಹೀಗೆ ನಾಲ್ಕು ಜನ ಹೋದರೆ ಬಹಳ ಮನೆಗಳಲ್ಲಿ ಒಂದೇ ಸಿಮ್ ತೆಗೆಯುತ್ತಾರೆ. ಅದು ಗಂಡಸಿನ ಜೇಬಿಗೆ ಹೋಗುತ್ತದೆ. ಉಳಿದ ಮೂವರು ಅವನ ಹಿಂದೆ ನಡೆಯಬೇಕು. "ನಾವು ಒಟ್ಟಿಗೇ ಇರುತ್ತೇವಲ್ಲ, ಎಲ್ಲರಿಗೂ ಯಾಕೆ?" ಎಂಬುದು ಅದಕ್ಕೆ ಕಾರಣ.

ಒಟ್ಟಿಗೆ ಇರುವುದು ನಮ್ಮ ಕೈಯಲ್ಲಿ ಇಲ್ಲ. ಮದೀನಾದಲ್ಲಿ ಮಸ್ಜಿದುನ್ನಬವಿಯಲ್ಲಿ ಹೆಂಗಸರ ನಮಾಝಿನ ಜಾಗವೇ ಬೇರೆ, ಬಾಗಿಲೇ ಬೇರೆ. ರೌಳಾ ಶರೀಫ್‌ಗೆ ಹೋಗುವ ಸಮಯವೂ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ದಿನಕ್ಕೆ ಐದು ಹೊತ್ತು ಗಂಡ ಹೆಂಡತಿ ಬೇರೆಯಾಗಿ ಮತ್ತೆ ಸೇರಬೇಕು. ಸೇರುವುದು ಎಲ್ಲಿ? ಹೊರಗೆ ಅಂಗಳದಲ್ಲಿ 250 ದೊಡ್ಡ ಛತ್ರಿಗಳಿವೆ, ಎಲ್ಲವೂ ಒಂದೇ ಥರ. "ಛತ್ರಿಯ ಕೆಳಗೆ ನಿಲ್ಲು" ಎಂದು ಹೇಳಿದರೆ ಯಾವ ಛತ್ರಿ? ಮಕ್ಕಾದಲ್ಲಿ ಸಫಾದಿಂದ ಮರ್ವಾಕ್ಕೆ ಸುಮಾರು 450 ಮೀಟರ್. ಏಳು ಸಲ ನಡೆದರೆ ಮೂರು ಕಿಲೋಮೀಟರ್ ದಾಟಿತು. ಮಂಡಿ ನೋವಿನ ಉಮ್ಮ ನಡುವೆ ಕೂತರೆ, ಶೌಚಾಲಯಕ್ಕೆಂದು ಹೋದರೆ, ಜನಜಂಗುಳಿ ಆ ಒಂದು ನಿಮಿಷದಲ್ಲಿ ಇಬ್ಬರನ್ನು ಎರಡು ಕಡೆಗೆ ಒಯ್ಯುತ್ತದೆ. ಆಗ ಕನ್ನಡ ಮತ್ತು ಬ್ಯಾರಿ ಬಿಟ್ಟು ಬೇರೆ ಭಾಷೆ ಬಾರದ ಆ ಹೆಂಗಸಿನ ಕೈಯಲ್ಲಿ ಫೋನ್ ಇಲ್ಲ, ಹೋಟೆಲಿನ ಹೆಸರು ನೆನಪಿಲ್ಲ, ಗಂಡನ ಹೊಸ ಸೌದಿ ನಂಬರ್ ಗೊತ್ತಿಲ್ಲ. ಜೀವನದಲ್ಲಿ ಒಂದು ಸಲ ಕಂಡ ಕಅಬಾದ ಮುಂದೆ ಅವಳು ದುಆ ಮಾಡುವ ಬದಲು ಅಳುತ್ತಾ ಕೂರುವ ಹಾಗಾಗುತ್ತದೆ.

ಆದ್ದರಿಂದ ಈ ವಾರ ಹೇಳುವುದು ಇಷ್ಟೆ. ಎಷ್ಟು ಪಾಸ್‌ಪೋರ್ಟ್ ಉಂಟೋ ಅಷ್ಟು ನಂಬರ್ ಇರಬೇಕು. ಹೆಂಗಸರಿಗೆ, ವಯಸ್ಸಾದವರಿಗೆ ಮೊದಲು ಇರಬೇಕು. ಅದನ್ನು ಜಿದ್ದಾದಲ್ಲಿ ಇಳಿದ ಮೇಲೆ ಅಲ್ಲ, ಊರಲ್ಲೇ ತೀರ್ಮಾನ ಮಾಡಬೇಕು.

ಇರುವುದು ಮೂರು ದಾರಿ

ಮೊದಲನೆಯದು ನಮ್ಮ ಊರಿನ ನಂಬರಿಗೇ ರೋಮಿಂಗ್ ಪ್ಯಾಕ್ ಹಾಕುವುದು. ಏರ್‌ಟೆಲ್, ಜಿಯೋ, ವಿ ಮೂರೂ ಕಂಪೆನಿಗಳು ಸೌದಿಗೆ ಪ್ಯಾಕ್ ಕೊಡುತ್ತವೆ. ಅನುಕೂಲ ಏನೆಂದರೆ ನಂಬರ್ ಬದಲಾಗುವುದಿಲ್ಲ, ಸಿಮ್ ಬಿಚ್ಚುವ ಕೆಲಸ ಇಲ್ಲ, ವಿಮಾನ ಇಳಿದ ಕೂಡಲೇ ಫೋನ್ ಕೆಲಸ ಮಾಡುತ್ತದೆ. ಹತ್ತು ಹದಿನೈದು ದಿನದ ಪ್ರಯಾಣಕ್ಕೆ, ಫೋನಿನ ಬಗ್ಗೆ ಏನೂ ಗೊತ್ತಿಲ್ಲದ ಹಿರಿಯರಿಗೆ ಇದು ಸುಲಭ. ಆದರೆ ಮೂರು ವಿಷಯ ನೋಡಿಕೊಳ್ಳಿ. ಒಂದು, ಪ್ಯಾಕ್ ಹಾಕದೆ ಡಾಟಾ ರೋಮಿಂಗ್ ಆನ್ ಇಟ್ಟರೆ ಪೋಸ್ಟ್‌ಪೇಯ್ಡ್‌ನವರ ಬಿಲ್ ನೋಡಲಿಕ್ಕಾಗದ ಹಾಗೆ ಬರಬಹುದು. ಎರಡು, ರೋಮಿಂಗ್‌ನಲ್ಲಿ ಬರುವ ಕರೆಗೂ ಲೆಕ್ಕ ಉಂಟು. ಮಕ್ಕಾದಲ್ಲಿ ನೂರು ಮೀಟರ್ ದೂರದಲ್ಲಿರುವ ಹೆಂಡತಿಯ ಊರಿನ ನಂಬರಿಗೆ ಗಂಡ ಕರೆ ಮಾಡಿದರೆ ಅದು ಭಾರತಕ್ಕೆ ಮಾಡಿದ ಕರೆಯೇ ಆಯಿತು. ಅವನ ನಿಮಿಷವೂ ಹೋಯಿತು, ಅವಳ ನಿಮಿಷವೂ ಹೋಯಿತು. ನಂಬರಿನ ಮುಂದೆ 91 ಹಾಕಿ ಒತ್ತಬೇಕು ಎಂಬುದೂ ನೆನಪಿರಲಿ. ಮೂರು, ದುಬೈ, ದೋಹಾ, ಮಸ್ಕತ್‌ನಲ್ಲಿ ವಿಮಾನ ಬದಲಿಸಿ ಹೋಗುವವರು ಆ ದೇಶವೂ ಪ್ಯಾಕಿನಲ್ಲಿ ಸೇರಿದೆಯೇ ಎಂದು ಕೇಳಬೇಕು. ಸೇರಿಲ್ಲದಿದ್ದರೆ ಸೌದಿ ಮುಟ್ಟುವ ತನಕ ಡಾಟಾ ಆಫ್ ಇಡಿ.

ಎರಡನೆಯದು ಸೌದಿಯ ಸಿಮ್. ಅಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್ ಎಂಬ ಮೂರು ದೊಡ್ಡ ಕಂಪೆನಿಗಳಿವೆ. ಸಂದರ್ಶಕರಿಗೆ, ಹಜ್ ಉಮ್ರಾದವರಿಗೆ ಪ್ರತ್ಯೇಕ ಪ್ಲಾನ್ ಇಟ್ಟಿರುತ್ತಾರೆ. ನಂಬರ್ 05ರಿಂದ ಶುರುವಾಗಿ ಹತ್ತು ಅಂಕೆ. ಊರಿನಿಂದ ಕರೆ ಮಾಡುವವರು ಆ ಸೊನ್ನೆ ಬಿಟ್ಟು ಮುಂದೆ 966 ಹಾಕಬೇಕು. ಗುಂಪಿನಲ್ಲಿ ನಾಲ್ಕೈದು ಜನ ಇದ್ದು, ಒಬ್ಬರಿಗೊಬ್ಬರು ದಿನಕ್ಕೆ ಹತ್ತು ಸಲ ಕರೆ ಮಾಡುವುದಿದ್ದರೆ ಇದೇ ಸರಿ, ಯಾಕೆಂದರೆ ಸೌದಿಯೊಳಗಿನ ಕರೆ ಸೌದಿಯೊಳಗೇ ಮುಗಿಯುತ್ತದೆ. ತೆಗೆಯುವಾಗ "ಎಷ್ಟು ಜಿ.ಬಿ.?" ಎಂದು ಮಾತ್ರ ಕೇಳಿದರೆ ಸಾಲದು. ಎಷ್ಟು ದಿನ, ಸೌದಿಯೊಳಗೆ ಮಾತಾಡಲು ಎಷ್ಟು ನಿಮಿಷ, ಭಾರತಕ್ಕೆ ಎಷ್ಟು ನಿಮಿಷ ಎಂದು ಕೇಳಿ. ಬೋರ್ಡಿನಲ್ಲಿ ಬರೆದ ಬೆಲೆಯಲ್ಲಿ ತೆರಿಗೆ ಸೇರಿದೆಯೇ ಎಂದೂ ಕೇಳಿ, 2020ರ ಜುಲೈಯಿಂದ ಅಲ್ಲಿ ವ್ಯಾಟ್ ಶೇ. 15. ರಶೀದಿ ಕೇಳಿ ಪಡೆಯಿರಿ.

ನಿಮಿಷದ ವಿಷಯ ಯಾಕೆ ಒತ್ತಿ ಹೇಳುವುದೆಂದರೆ, ನಮ್ಮವರು ಎಲ್ಲದಕ್ಕೂ ವಾಟ್ಸಾಪ್ ಕರೆಯನ್ನೇ ನಂಬುತ್ತಾರೆ. ಸೌದಿಯಲ್ಲಿ ಇಂಟರ್‌ನೆಟ್ ಕರೆಗಳ ಮೇಲಿದ್ದ ನಿರ್ಬಂಧವನ್ನು 2017ರ ಸೆಪ್ಟೆಂಬರಿನಲ್ಲಿ ತೆಗೆದಿದ್ದಾರೆ. ಆದರೂ ನಮಾಝ್ ಬಿಟ್ಟ ಹೊತ್ತಿಗೆ ಎಲ್ಲರೂ ಒಟ್ಟಿಗೆ ಫೋನ್ ಹಿಡಿದಾಗ ಡಾಟಾ ಎಳೆಯುವುದು ಕಷ್ಟ. ಯುಎಇಯಲ್ಲಂತೂ ವಾಟ್ಸಾಪ್ ಕರೆಗೆ ಅವಕಾಶವೇ ಇಲ್ಲ, ಮೆಸೇಜ್ ಮಾತ್ರ ಹೋಗುತ್ತದೆ. ಕಷ್ಟಕಾಲಕ್ಕೆ ಸಾಮಾನ್ಯ ಕರೆ ಬೇಕು, ಅದೂ ಹೋಗದಿದ್ದರೆ ಎಸ್‌ಎಂಎಸ್ ಬೇಕು.

ಮೂರನೆಯದು ಇ-ಸಿಮ್. ಪ್ಲಾಸ್ಟಿಕ್ ತುಂಡು ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ಊರಲ್ಲಿ ಕೂತು ದುಡ್ಡು ಕಟ್ಟಿ, ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯಿತು. ನಿಮ್ಮ ಫೋನಿಗೆ ಇದು ಆಗುತ್ತದೋ ಎಂದು ನೋಡಲು *#06# ಒತ್ತಿ. ಐಎಂಇಐ ಜೊತೆಗೆ ಇಐಡಿ ಎಂಬ ಉದ್ದದ ಸಂಖ್ಯೆಯೂ ಬಂದರೆ ಆಗುತ್ತದೆ. ನಮ್ಮ ಮನೆಗಳಲ್ಲಿರುವ ಕಡಿಮೆ ಬೆಲೆಯ ಫೋನುಗಳಲ್ಲಿ ಹೆಚ್ಚಿನವಕ್ಕೆ ಆಗುವುದಿಲ್ಲ. ಇನ್ನೊಂದು ಮಾತು, ಪ್ರಯಾಣಿಕರಿಗೆಂದು ಆನ್‌ಲೈನಿನಲ್ಲಿ ಮಾರುವ ಇ-ಸಿಮ್‌ಗಳಲ್ಲಿ ಬಹಳಷ್ಟು ಬರೀ ಡಾಟಾದ್ದು, ಅದಕ್ಕೆ ಫೋನ್ ನಂಬರೇ ಇರುವುದಿಲ್ಲ. ಮ್ಯಾಪ್ ನೋಡಲು, ನುಸುಕ್ ಆ್ಯಪಿನಲ್ಲಿ ರೌಳಾದ ಪರ್ಮಿಟ್ ತೆಗೆಯಲು ಸಾಕು. ದಾರಿ ತಪ್ಪಿದ ಉಮ್ಮನಿಗೆ ಕರೆ ಮಾಡಲು ಸಾಕಾಗದು.

ಬೆರಳು ಕೊಡುವ ಮುಂಚೆ

ಸೌದಿಯಲ್ಲಿ 2016ರಿಂದ ಸಿಮ್ ತೆಗೆಯಲು ಬೆರಳಚ್ಚು ಕಡ್ಡಾಯ. ಪಾಸ್‌ಪೋರ್ಟ್ ತೋರಿಸಬೇಕು, ಮೆಷಿನ್ ಮೇಲೆ ಬೆರಳು ಇಡಬೇಕು. ಅಂದರೆ ಆ ನಂಬರ್ ನಿಮ್ಮದು ಎಂದು ಆ ದೇಶದ ದಾಖಲೆಯಲ್ಲಿ ಬರೆದು ಹೋಯಿತು. ಅದರಿಂದ ಏನು ನಡೆದರೂ ಮೊದಲು ಉತ್ತರ ಕೊಡಬೇಕಾದವರು ನೀವು. ಹಾಗಾಗಿ ವಿಮಾನ ನಿಲ್ದಾಣದ ಒಳಗಿನ ಕೌಂಟರ್ ಅಥವಾ ಕಂಪೆನಿಯ ಸ್ವಂತ ಅಂಗಡಿಯಲ್ಲೇ ತೆಗೆಯಿರಿ. ಹೋಟೆಲಿನ ಬಾಗಿಲಲ್ಲಿ, ಬಸ್ಸಿನ ಹತ್ತಿರ "ಸಿಮ್, ಸಿಮ್" ಎಂದು ಬರುವವನಿಗೆ ಬೆರಳು ಕೊಡಬೇಡಿ. "ಬರಲಿಲ್ಲ, ಇನ್ನೊಮ್ಮೆ ಇಡಿ" ಎಂದು ಎರಡು ಮೂರು ಸಲ ಬೆರಳು ಇಡಿಸಿದರೆ ಕೇಳಿ, ಯಾಕೆ ಎಂದು. ಒಂದು ಸಿಮ್‌ಗೆ ಬಂದವನ ಹೆಸರಲ್ಲಿ ಇನ್ನೊಂದು ಸಿಮ್ ಹೊರಡಿಸುವ ಮೋಸ ಇರುವುದು ಅಲ್ಲಿಯೇ. "ಬೆರಳು ಬೇಡ, ಪಾಸ್‌ಪೋರ್ಟ್ ಬೇಡ, ಮೊದಲೇ ಆ್ಯಕ್ಟಿವ್ ಆದ ಸಿಮ್ ಉಂಟು" ಎನ್ನುವವನಂತೂ ಬೇರೆ ಯಾರದೋ ಹೆಸರಿನದ್ದನ್ನು ನಿಮಗೆ ಮಾರುತ್ತಿದ್ದಾನೆ.

ಇನ್ನೊಂದು ನಮ್ಮೊಳಗಿನದ್ದೇ. ಉಮ್ರಾ ಮುಗಿಸಿ ಹೊರಡುವಾಗ ಸಿಮ್‌ನಲ್ಲಿ ಡಾಟಾ ಉಳಿದಿರುತ್ತದೆ. ಮರುದಿನ ಬರುವ ಗ್ರೂಪಿನ ಪರಿಚಯದವರಿಗೆ ಕೊಟ್ಟು ಬರುತ್ತಾರೆ. ಸ್ವದಖ ಮಾಡಿದ ಹಾಗೆ ಅನಿಸುತ್ತದೆ. ಮನಸ್ಸು ಒಳ್ಳೆಯದೇ, ಕೆಲಸ ಸರಿಯಲ್ಲ. ನಿಮ್ಮ ಬೆರಳಚ್ಚಿನ ನಂಬರ್ ಒಬ್ಬರಿಂದ ಒಬ್ಬರಿಗೆ ದಾಟಿ ಕೊನೆಗೆ ಯಾರ ಕೈ ಸೇರಿತು ಎಂದು ನಿಮಗೆ ಗೊತ್ತಾಗುವುದಿಲ್ಲ. ಅದರಿಂದ ವಂಚನೆಯ ಕರೆ ಹೋದರೆ ಪೊಲೀಸರಿಗೆ ಕಾಣುವುದು ನಿಮ್ಮ ಪಾಸ್‌ಪೋರ್ಟ್. ಮುಂದೆ ಹಜ್‌ಗೆ ಹೋಗುವ ಆಸೆ ಇರುವವರು, ಮಗನನ್ನು ಜುಬೈಲಿಗೋ ದಮಾಮ್‌ಗೋ ಕೆಲಸಕ್ಕೆ ಕಳಿಸುವವರು ಈ ಅಪಾಯ ತಂದುಕೊಳ್ಳುವುದು ಯಾಕೆ? ಗಲ್ಫಿನಲ್ಲಿ ದುಡಿಯುವ ನಮ್ಮ ಹುಡುಗರಿಗೂ ಇದೇ ಮಾತು. ನಿಮ್ಮ ಇಖಾಮದ ಮೇಲೆ ಸಿಮ್ ತೆಗೆದು ರೂಮಿನವನಿಗೆ, ಊರಿನವನಿಗೆ ಕೊಡಬೇಡಿ. ಉಮ್ಮ ಬಾಪ ಬರುವಾಗ ಏರ್‌ಪೋರ್ಟಿಗೆ ಬಂದು, ಕೌಂಟರಿನಲ್ಲಿ ಜೊತೆಗೆ ನಿಂತು, ಅವರವರ ಪಾಸ್‌ಪೋರ್ಟಿನಲ್ಲಿ ಸಿಮ್ ತೆಗೆದುಕೊಡಿ. ಅದೇ ದೊಡ್ಡ ಸೇವೆ.

ಊರಿನ ಸಿಮ್ ಬಿಸಾಡಬೇಡಿ

ಸೌದಿ ಸಿಮ್ ಹಾಕುವಾಗ ಊರಿನ ಸಿಮ್ ತೆಗೆದು ಪರ್ಸಿನ ಮೂಲೆಗೆ ತುರುಕುತ್ತಾರೆ. ಹದಿನೈದು ದಿನದಲ್ಲಿ ಅದು ಕಾಣೆ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೆ, ಗೂಗಲ್ ಪೇ, ಫೋನ್ ಪೇ ಕಟ್ಟಿರುವುದು ಅದಕ್ಕೆ. ಎರಡು ಸಿಮ್ ಹಾಕುವ ಫೋನಾದರೆ ಊರಿನ ಸಿಮ್ ಅಲ್ಲೇ ಇರಲಿ, ಅದರ ಡಾಟಾ ರೋಮಿಂಗ್ ಮಾತ್ರ ಆಫ್ ಮಾಡಿ. ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಆಗಿದ್ದರೆ ಮೆಸೇಜ್ ಬರುತ್ತದೆ, ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಪ್ರೀಪೇಯ್ಡ್‌ನವರು ಹೊರಡುವ ಮುಂಚೆ ಕಂಪೆನಿಯ ಅಂಗಡಿಗೆ ಹೋಗಿ ರೋಮಿಂಗ್ ಆನ್ ಮಾಡಿಸಿ. ಸೌದಿ ಸಿಮ್ ಹಾಕಿದ ಮೇಲೆ ವಾಟ್ಸಾಪ್ "ನಂಬರ್ ಬದಲಿಸುತ್ತೀರಾ?" ಎಂದು ಕೇಳಬಹುದು. ಬೇಡ ಎನ್ನಿ. ಹಳೆಯ ನಂಬರಿನಲ್ಲೇ ವಾಟ್ಸಾಪ್ ನಡೆಯುತ್ತದೆ.

ವಿಸಿಟ್ ವಿಸಾದಲ್ಲಿ ಮಗನ ಮನೆಗೆ ಹೋಗಿ ಮೂರು ತಿಂಗಳು ನಿಲ್ಲುವ ಹೆತ್ತವರು ಇನ್ನೂ ಜಾಗ್ರತೆ. ನಮ್ಮ ದೇಶದ ನಿಯಮದಲ್ಲಿ 90 ದಿನ ಏನೂ ಬಳಕೆ ಇಲ್ಲದ, ಬ್ಯಾಲೆನ್ಸ್ 20 ರೂಪಾಯಿಗಿಂತ ಕಡಿಮೆ ಇರುವ ಪ್ರೀಪೇಯ್ಡ್ ನಂಬರನ್ನು ಕಂಪೆನಿ ನಿಲ್ಲಿಸಬಹುದು. ಆ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ. ಪಿಂಚಣಿಯ, ಗ್ಯಾಸಿನ, ಬ್ಯಾಂಕಿನ ಮೆಸೇಜ್ ಗುರುತಿಲ್ಲದವರ ಕೈಗೆ ಹೋದರೆ ಯಾರನ್ನು ಕೇಳುವುದು?

ಯಾವ ಫೋನ್ ಕೊಡಬೇಕು?

"ಉಮ್ಮನಿಗೆ ಫೋನ್ ಗೊತ್ತಿಲ್ಲ" ಎಂದು ಮಕ್ಕಳು ಹೇಳುವುದು ಸಾಮಾನ್ಯ. ಉಮ್ಮ ಇನ್‌ಸ್ಟಾಗ್ರಾಂ ಕಲಿಯಬೇಕಾಗಿಲ್ಲ. ಬಂದ ಕರೆ ಎತ್ತಲು, ಒಂದು ಬಟನ್ ಒತ್ತಿ ಮಗನಿಗೋ ಗಂಡನಿಗೋ ಕರೆ ಮಾಡಲು ಗೊತ್ತಿದ್ದರೆ ಸಾಕು. ಅದಕ್ಕೆ ಕೀಪ್ಯಾಡ್ ಫೋನೇ ಒಳ್ಳೆಯದು, ಚಾರ್ಜೂ ಎರಡು ಮೂರು ದಿನ ನಿಲ್ಲುತ್ತದೆ. ಆದರೆ ಒಂದು ವಿಷಯ. ಜಿಯೋ ಫೋನ್, ಜಿಯೋ ಭಾರತ್‌ನಂಥ ಸೆಟ್‌ಗಳಿಗೆ ಜಿಯೋ ಸಿಮ್ ಬಿಟ್ಟು ಬೇರೆ ಆಗುವುದಿಲ್ಲ. ನಮ್ಮ ಹೆಂಗಸರ ಕೈಯಲ್ಲಿ ಹೆಚ್ಚಾಗಿ ಇರುವುದು ಅದೇ. ಸೌದಿಗೆ ಹೋಗಿ ಸಿಮ್ ಹಾಕುವಾಗ "ಇನ್‌ವ್ಯಾಲಿಡ್" ಎಂದು ಬಂದರೆ ಎಂತ ಮಾಡುವುದು? ಹೊರಡುವ ಎರಡು ವಾರ ಮುಂಚೆ ಮನೆಯಲ್ಲಿ ಬೇರೆ ಕಂಪೆನಿಯ ಸಿಮ್ ಹಾಕಿ ನೋಡಿ. ಆಗದಿದ್ದರೆ ಬೇರೆ ಸೆಟ್ ತೆಗೆಯಿರಿ. ಮೊಮ್ಮಕ್ಕಳು ದಿನಕ್ಕೆ ಹತ್ತು ನಿಮಿಷ ಕೂತು ಕಲಿಸಲಿ. ಬರುವಷ್ಟು ದಿನ ದಿನಾ ಒಂದು ಕರೆ ಉಮ್ಮನ ಕೈಯಿಂದಲೇ ಮಾಡಿಸಲಿ.

ಸೌದಿಯ ಪ್ಲಗ್ಗು ನಮ್ಮದರ ಹಾಗಲ್ಲ, ಮೂರು ಚಪ್ಪಟೆ ಪಿನ್ನಿನದು. ಒಂದು ಅಡಾಪ್ಟರ್ ಚೀಲದಲ್ಲಿ ಇರಲಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಇಡಿ, ಲಗೇಜಿಗೆ ಹಾಕಲು ವಿಮಾನದವರು ಬಿಡುವುದಿಲ್ಲ. ಚಾರ್ಜ್ ಹೋದ ಫೋನ್ ಕಲ್ಲಿಗೆ ಸಮ. ಅದಕ್ಕಾಗಿ ಫೋನ್ ಇದ್ದರೂ ಒಂದು ಕಾಗದ ಕುತ್ತಿಗೆಯ ಚೀಲದಲ್ಲಿ ಇರಬೇಕು. ಹೋಟೆಲಿನ ಹೆಸರು ಅರಬಿಯಲ್ಲಿ, ಗ್ರೂಪ್ ಅಮೀರರ ಸೌದಿ ನಂಬರ್, ಜೊತೆಯವರ ನಂಬರ್, ಊರಿನ ಒಂದು ನಂಬರ್. ಮಕ್ಕಾ, ಮದೀನಾದಲ್ಲಿ ತುರ್ತಿಗೆ 911, ಆಂಬುಲೆನ್ಸ್‌ಗೆ 997 ಎಂದೂ ಅದರಲ್ಲೇ ಬರೆಯಿರಿ. ಫೋನಿನಲ್ಲಿ ಮಾತ್ರ ಸೇವ್ ಮಾಡಿದ ನಂಬರ್ ಫೋನ್ ಕಳೆದ ದಿನ ಉಪಯೋಗಕ್ಕೆ ಬರುವುದಿಲ್ಲ.

ತವಕ್ಕುಲ್ ಎಂದರೆ ಇದಲ್ಲ

"ಅಲ್ಲಾಹನ ಮನೆಗೆ ಹೋಗುವವರಿಗೆ ಫೋನ್ ಯಾಕೆ? ಅಲ್ಲಾಹನೇ ನೋಡಿಕೊಳ್ಳುತ್ತಾನೆ" ಎನ್ನುವ ಹಿರಿಯರಿದ್ದಾರೆ. ಅವರ ಈಮಾನಿಗೆ ಗೌರವ ಉಂಟು. ಆದರೆ ಸೂರತುಲ್ ಬಖರದ 197ನೇ ಆಯತ್ತಿನ ಹಿನ್ನೆಲೆಯನ್ನು ನಮ್ಮ ಮದ್ರಸದ ಮಕ್ಕಳೂ ಕಲಿಯುತ್ತಾರೆ. ಯಮನಿನ ಕೆಲವರು ದಾರಿಯ ಬುತ್ತಿ ಇಲ್ಲದೆ ಹಜ್‌ಗೆ ಬರುತ್ತಿದ್ದರು. ನಾವು ತವಕ್ಕುಲ್ ಮಾಡುವವರು ಎನ್ನುತ್ತಿದ್ದರು. ಮಕ್ಕಾ ಮುಟ್ಟಿದ ಮೇಲೆ ಜನರ ಹತ್ತಿರ ಬೇಡುತ್ತಿದ್ದರು. ಆಗ ಪ್ರಯಾಣಕ್ಕೆ ಬೇಕಾದ್ದನ್ನು ಜೊತೆಗೆ ಒಯ್ಯಬೇಕೆಂಬ ಆಜ್ಞೆ ಬಂತು, ಎಲ್ಲಕ್ಕಿಂತ ಒಳ್ಳೆಯ ಬುತ್ತಿ ತಖ್ವಾ ಎಂಬ ನೆನಪಿನ ಜೊತೆಗೇ ಬಂತು. ಇಬ್ನು ಅಬ್ಬಾಸ್(ರ) ಹೇಳಿದ ಈ ವಿಷಯ ಬುಖಾರಿಯಲ್ಲಿ ಉಂಟು. ಅಂದಿನ ಬುತ್ತಿ ಖರ್ಜೂರ, ಹಿಟ್ಟು, ನೀರು. ಇಂದು ಲಕ್ಷಗಟ್ಟಲೆ ಜನರ ನಡುವೆ ಹೋಗುವವರಿಗೆ ಜೊತೆಯವರನ್ನು ಮುಟ್ಟುವ ಒಂದು ನಂಬರೂ ಬುತ್ತಿಯೇ. ಅದಿಲ್ಲದೆ ಹೋಗಿ ಅಲ್ಲಿ ಸಿಕ್ಕ ಸಿಕ್ಕವರ ಫೋನ್ ಕೇಳುವುದು ಆ ಯಮನಿನವರು ಮಾಡಿದ್ದೇ ಆಗುತ್ತದೆ.

ಫೋನಿನಿಂದ ಇಬಾದತ್ ಕೆಡುತ್ತದೆ ಎಂಬ ಮಾತೂ ಸುಳ್ಳಲ್ಲ. ತವಾಫ್ ಮಾಡುತ್ತಾ ವೀಡಿಯೊ ಕಾಲ್, ಕಅಬಾಕ್ಕೆ ಬೆನ್ನು ಹಾಕಿ ಸೆಲ್ಫಿ, ನಮಾಝಿನ ನಡುವೆ ಸಿನಿಮಾ ಹಾಡಿನ ರಿಂಗ್‌ಟೋನ್ ನೋಡಿದವರಿಗೆ ಬೇಸರ ಆಗುವುದು ಸಹಜ. ಆದರೆ ಅದನ್ನು ಮಾಡುವುದು ಹೆಚ್ಚಾಗಿ ಜೇಬಿನಲ್ಲಿ ದೊಡ್ಡ ಫೋನ್, ತುಂಬಾ ಡಾಟಾ ಇರುವ ನಾವು ಗಂಡಸರು, ಹುಡುಗರು. ಅದಕ್ಕೆ ಮದ್ದು ಹೆಂಗಸರ ಕೈಯಿಂದ ಫೋನ್ ತಪ್ಪಿಸುವುದಲ್ಲ. ಹರಮಿನೊಳಗೆ ಸೈಲೆಂಟ್ ಮಾಡಿ ಒಳಗೆ ಇಡಿ, ಊರಿನವರಿಗೆ ಹೋಟೆಲಿಗೆ ಬಂದು ವೈ-ಫೈಯಲ್ಲಿ ಮಾತಾಡಿ. ಮನೆಯವರೂ ಗಂಟೆಗೊಮ್ಮೆ "ಕಅಬಾ ತೋರಿಸಿ" ಎಂದು ಕರೆ ಮಾಡುವುದನ್ನು ಬಿಡಲಿ.

ಖರ್ಚಿನ ಮಾತು ಉಳಿಯಿತು. ಪ್ಯಾಕೇಜಿಗೆ, ಬೀಳ್ಕೊಡುಗೆಯ ಊಟಕ್ಕೆ, ಬರುವಾಗ ತರುವ ಖರ್ಜೂರ, ಅತ್ತರು, ಮುಸಲ್ಲಾಗಳಿಗೆ ನಾವು ಖರ್ಚು ಮಾಡುವ ದುಡ್ಡಿನ ಮುಂದೆ ಇನ್ನೊಂದು ಸಿಮ್ ದೊಡ್ಡದಲ್ಲ. ಎರಡು ಮುಸಲ್ಲಾ ಕಡಿಮೆ ತಂದರೆ ಯಾರೂ ಕೇಳುವುದಿಲ್ಲ.

ಹಜ್ ಕಮಿಟಿ 2018ರಿಂದ 45 ವರ್ಷ ದಾಟಿದ ಮಹಿಳೆಯರಿಗೆ ಮಹ್ರಂ ಇಲ್ಲದೆ ಗುಂಪಾಗಿ ಹಜ್‌ಗೆ ಹೋಗಲು ಅವಕಾಶ ಕೊಟ್ಟಿದೆ. ಅದರ ಮಸ್‌ಅಲ ಇಲ್ಲಿಯ ವಿಷಯ ಅಲ್ಲ. ಆದರೆ ಜೊತೆಗೆ ಗಂಡಸು ಇಲ್ಲದೆ ಹೋಗುವ ಹೆಂಗಸರೂ ನಮ್ಮ ಸಮುದಾಯದಲ್ಲಿ ಇರುವಾಗ "ಅವರ ಫೋನ್ ಅವರ ಗಂಡನ ಹತ್ತಿರ ಉಂಟು" ಎಂಬ ಲೆಕ್ಕ ನಡೆಯುವುದಿಲ್ಲ.

ಇದು ಮನೆಯವರ ಮೇಲೆ ಮಾತ್ರ ಹಾಕುವ ಕೆಲಸವೂ ಅಲ್ಲ. ಉಮ್ರಾ ಗ್ರೂಪ್ ನಡೆಸುವವರು ಪೋಸ್ಟರಿನಲ್ಲಿ "ಸಿಮ್ ಉಚಿತ" ಎಂದು ಬರೆಯುವಾಗ ಕುಟುಂಬಕ್ಕೆ ಒಂದೋ, ತಲೆಗೆ ಒಂದೋ ಎಂದು ಸ್ಪಷ್ಟವಾಗಿ ಬರೆಯಲಿ. ಮೊದಲ ರಾತ್ರಿ ಹೋಟೆಲಿನಲ್ಲಿ ಎಲ್ಲರ ಸೌದಿ ನಂಬರ್ ಕೇಳಿ ಬರೆದು, ಒಂದು ಪಟ್ಟಿ ಮಾಡಿ ಪ್ರತಿಯೊಬ್ಬರಿಗೂ, ಹೆಂಗಸರಿಗೂ, ಕೊಡಲಿ. ಉಮ್ರಾ ಕ್ಲಾಸ್ ತೆಗೆಯುವ ನಮ್ಮಂಥ ಉಸ್ತಾದರು ಕೊನೆಯ ಅರ್ಧ ಗಂಟೆಯನ್ನು ಇದಕ್ಕೆ ಇಡೋಣ. ನಮಗೆ ಗೊತ್ತಿಲ್ಲದಿದ್ದರೆ ಜಮಾಅತಿನಲ್ಲಿ ಮೊಬೈಲ್ ಅಂಗಡಿ ಇಟ್ಟ ಯುವಕರಿದ್ದಾರೆ, ಅವರನ್ನು ಕರೆಯೋಣ. ಹೆಂಗಸರ ಕ್ಲಾಸಿಗೆ ಕಲಿತ ಹೆಣ್ಣುಮಕ್ಕಳು ಬರಲಿ. ಮುಂದಿನ ಗ್ರೂಪ್ ಹೊರಡುವಾಗ ಸಾಮಾನಿನ ಪಟ್ಟಿಯಲ್ಲಿ ಇಹ್ರಾಂ ಬಟ್ಟೆಯ ಕೆಳಗೆ ಇನ್ನೊಂದು ಸಾಲು ಸೇರಲಿ: ಒಬ್ಬೊಬ್ಬರಿಗೆ ಒಂದೊಂದು ಫೋನ್, ಅವರವರ ಹೆಸರಿನ ನಂಬರ್.

ಹೊರಟವರೆಲ್ಲರ ಉಮ್ರಾವನ್ನು ಅಲ್ಲಾಹು ಸ್ವೀಕರಿಸಲಿ. ಹೋದವರು ಹೋದ ಹಾಗೆ ಕ್ಷೇಮವಾಗಿ ಮನೆ ಸೇರಲಿ. ಆಮೀನ್.